ಕೃತಕ ಕೀಲಿನ ಸೋಂಕು: ಪ್ರಯೋಗಶಾಲೆಯ ಸಾಕ್ಷ್ಯವಿಚಾರ

೧. ವಿಷಯಪ್ರವೇಶ

ಸವೆದುಹೋದ ಮೊಣಕಾಲಿನ ಅಥವಾ ಸೊಂಟದ ಕೀಲನ್ನು ತೆಗೆದು, ಅದರ ಸ್ಥಾನದಲ್ಲಿ ಲೋಹ ಮತ್ತು ಪಾಲಿಎಥಿಲೀನುಗಳಿಂದ ಮಾಡಿದ ಕೃತಕ ಕೀಲನ್ನು ಕೂರಿಸುವ ಶಸ್ತ್ರಚಿಕಿತ್ಸೆ ನಮ್ಮ ನಾಡಿನಲ್ಲಿ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಇಂಥ ಕೀಲಿನ ಆಧಾರದಿಂದ ನಡೆದಾಡುವ ಹಿರಿಯರಿದ್ದಾರೆ. ಅವರಲ್ಲಿ ಬಹುಮಂದಿ ನೋವಿನಿಂದ ಬಿಡುಗಡೆ ಹೊಂದಿ ತಮ್ಮ ಕೆಲಸಕಾರ್ಯಗಳಿಗೆ ಮರಳುತ್ತಾರೆ. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಆ ಕೀಲಿನ ಸುತ್ತ ಸೋಂಕು ತಗಲುವುದುಂಟು.

ಕೆಲವರಲ್ಲಿ ಈ ಸೋಂಕು ಕೆಲವೇ ವಾರಗಳಲ್ಲಿ ಜ್ವರ, ಬಾವು, ಕೀವುಗಳೊಡನೆ ಪ್ರಕಟವಾಗುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಮತ್ತೆ ಕೆಲವರಲ್ಲಿ ಒಂದೆರಡು ವರ್ಷಗಳು ಕಳೆದ ಮೇಲೆ, ಜ್ವರವಿಲ್ಲದೆ, ಬಾವಿಲ್ಲದೆ, ಬರಿಯ ನೋವಾಗಿ ಕಾಣಿಸಿಕೊಳ್ಳುತ್ತದೆ. ಕೀಲು ಸಡಿಲಗೊಂಡಾಗಲೂ ನೋವು ಬರುವುದು. ಸೋಂಕು ತಗಲಿದಾಗಲೂ ನೋವು ಬರುವುದು. ಎರಡಕ್ಕೂ ಮಾಡಬೇಕಾದ ಚಿಕಿತ್ಸೆ ಮಾತ್ರ ಪೂರ್ಣವಾಗಿ ಬೇರೆ. ಸೋಂಕಿದ್ದೂ ಇಲ್ಲವೆಂದು ತಿಳಿದು ಹೊಸ ಕೀಲನ್ನು ಕೂರಿಸಿದರೆ, ಆ ಹೊಸ ಕೀಲೂ ಕೆಡುತ್ತದೆ. ಸೋಂಕಿಲ್ಲದಿದ್ದರೂ ಇದೆಯೆಂದು ತಿಳಿದರೆ, ರೋಗಿಯು ಬೇಡದ ಶಸ್ತ್ರಕ್ರಿಯೆಗಳಿಗೂ ತಿಂಗಳುಗಟ್ಟಲೆಯ ಪ್ರಬಲ ಔಷಧಗಳಿಗೂ ಗುರಿಯಾಗಬೇಕಾಗುತ್ತದೆ. ಒಬ್ಬ ರೈತನ ಅಥವಾ ಗೃಹಿಣಿಯ ಮುಂದಿನ ಹತ್ತಿಪ್ಪತ್ತು ವರ್ಷಗಳ ನಡಿಗೆ ಈ ಒಂದು ನಿರ್ಣಯವನ್ನು ಅವಲಂಬಿಸಿದೆ.

ವೈದ್ಯಕೀಯ ವಿಷಯವೊಂದನ್ನು ಇತಿಹಾಸದ ಅಧ್ಯಾಪಕನು ಕೈಗೆತ್ತಿಕೊಳ್ಳುವುದು ವಿಚಿತ್ರವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಇಲ್ಲಿ ವಿಚಾರಕ್ಕೆ ಬರುವುದು ಚಿಕಿತ್ಸೆಯಲ್ಲ, ಸಾಕ್ಷ್ಯ. ಕಣ್ಣಿಗೆ ಕಾಣದ ಒಂದು ಘಟನೆ ನಡೆದಿದೆಯೋ ಇಲ್ಲವೋ ಎಂಬುದನ್ನು ಅದು ಬಿಟ್ಟುಹೋದ ಕುರುಹುಗಳಿಂದ ನಿರ್ಧರಿಸುವುದು ಇತಿಹಾಸಕಾರನ ಕೆಲಸವೂ ಹೌದು, ಪ್ರಯೋಗಶಾಲೆಯ ಕೆಲಸವೂ ಹೌದು. ಯಾವೊಂದು ಪರೀಕ್ಷೆಯೂ ತಾನೊಂದೇ ಈ ನಿರ್ಣಯಕ್ಕೆ ಸಾಲದೆಂಬುದನ್ನೂ, ಪರೀಕ್ಷೆಗೆ ಮೊದಲೇ ಸಾಕ್ಷ್ಯವನ್ನು ಅಳಿಸಿಬಿಡುವ ಒಂದು ಅಭ್ಯಾಸ ನಮ್ಮಲ್ಲಿ ಬೇರೂರಿದೆಯೆಂಬುದನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

೨. ಐತಿಹಾಸಿಕ ಹಿನ್ನೆಲೆ

ಕೃತಕ ಕೀಲಿನ ಚರಿತ್ರೆಯೂ ಅದರ ಸೋಂಕಿನ ಚರಿತ್ರೆಯೂ ಒಂದೇ ಕಾಲದಲ್ಲಿ ಆರಂಭವಾದುವೆನ್ನಬಹುದು. ಬರ್ಲಿನ್ ನಗರದ ಶಸ್ತ್ರವೈದ್ಯ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬಾತನು ೧೮೯೦ರಲ್ಲಿ ದಂತದಿಂದ ಮಾಡಿದ ಮೊಣಕಾಲಿನ ಕೀಲನ್ನು ರೋಗಿಯೊಬ್ಬರ ದೇಹದಲ್ಲಿ ಕೂರಿಸಿದನು. ಅವನು ಆರಿಸಿಕೊಂಡವು ಕ್ಷಯರೋಗದಿಂದ ಹಾಳಾದ ಕೀಲುಗಳು. ಆರಂಭದಲ್ಲಿ ಫಲ ಚೆನ್ನಾಗಿ ಕಂಡರೂ, ಒಳಗೆ ಉಳಿದಿದ್ದ ಸೋಂಕು ಕೊನೆಗೆ ಆ ಪ್ರಯತ್ನವನ್ನು ವಿಫಲಗೊಳಿಸಿತು.

ಇಂದಿನ ಕೃತಕ ಸೊಂಟದ ಕೀಲಿಗೆ ತಳಹದಿಯನ್ನು ಹಾಕಿದವನು ಇಂಗ್ಲೆಂಡಿನ ಜಾನ್ ಚಾರ್ನ್ಲೆ. ರೈಟಿಂಗ್ಟನ್ ಆಸ್ಪತ್ರೆಯಲ್ಲಿ ೧೯೬೨ರ ನವೆಂಬರಿನಲ್ಲಿ ಅವನು ಲೋಹದ ಗುಂಡನ್ನೂ ಪಾಲಿಎಥಿಲೀನಿನ ಬಟ್ಟಲನ್ನೂ ಜೋಡಿಸಿದ ಕೀಲನ್ನು ಬಳಕೆಗೆ ತಂದನು. ಮೊದಮೊದಲು ಅವನ ರೋಗಿಗಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಸೋಂಕು ತಗಲುತ್ತಿತ್ತು. ಶಸ್ತ್ರಚಿಕಿತ್ಸೆಯ ಕೊಠಡಿಯ ಗಾಳಿಯನ್ನು ಶೋಧಿಸಿ ಹರಿಸುವ ಏರ್ಪಾಡು, ವೈದ್ಯರ ಉಡುಪಿನ ಸುಧಾರಣೆ ಮೊದಲಾದ ಕ್ರಮಗಳಿಂದ ಆ ಪ್ರಮಾಣವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು.

ದೇಹದ ಸಹಜವಾದ ಕೀಲಿಗಿಂತ ಕೃತಕ ಕೀಲಿನ ಸೋಂಕು ಹೆಚ್ಚು ತೊಡಕಿನದಾಗಲು ಕಾರಣವಿದೆ. ಲೋಹಕ್ಕೆ ರಕ್ತದ ಸಂಚಾರವಿಲ್ಲ. ಅದರ ಮೈಮೇಲೆ ಬಂದು ಕುಳಿತ ಜೀವಾಣುಗಳು ತಮ್ಮ ಸುತ್ತ ಲೋಳೆಯಂಥ ಒಂದು ಹೊದಿಕೆಯನ್ನು ನಿರ್ಮಿಸಿಕೊಳ್ಳುತ್ತವೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಕಲ್ಲಿಗೆ ಪಾಚಿ ಅಂಟಿಕೊಳ್ಳುವಂತೆ ಇವು ಲೋಹಕ್ಕೆ ಅಂಟಿಕೊಂಡು, ಬೆಳವಣಿಗೆಯನ್ನು ನಿಧಾನಗೊಳಿಸಿ, ಔಷಧದಿಂದಲೂ ದೇಹದ ರಕ್ಷಣಾಶಕ್ತಿಯಿಂದಲೂ ತಪ್ಪಿಸಿಕೊಂಡು ಬಹುಕಾಲ ಇರಬಲ್ಲವು. ಅಂಟಿಕೊಂಡು ಬಾಳುವ ಈ ರೀತಿಯ ಮಹತ್ತ್ವವನ್ನು ೧೯೭೮ರಲ್ಲಿ ವಿಲಿಯಂ ಕಾಸ್ಟರ್ಟನ್ ಮತ್ತು ಅವನ ಸಹೋದ್ಯೋಗಿಗಳು ವಿಶದಪಡಿಸಿದರು. ಕೀಲಿನ ದ್ರವದಲ್ಲಿ ಜೀವಾಣು ಸಿಕ್ಕದೆ ಹೋದರೂ ಲೋಹದ ಮೈಮೇಲೆ ಅದು ಇರಬಹುದೆಂಬ ಮಾತು ಇಲ್ಲಿಂದ ಹೊರಡುತ್ತದೆ. ಮುಂದೆ ಹೇಳುವ ವಿಧಾನಗಳೆಲ್ಲಕ್ಕೂ ಇದೇ ಹಿನ್ನೆಲೆ.

೩. ರಕ್ತದ ಸಾಕ್ಷ್ಯ

ಮೊದಲು ಮಾಡುವ ಪರೀಕ್ಷೆಗಳು ಎರಡು. ಒಂದು, ಇ.ಎಸ್.ಆರ್. ಎಂದು ಎಲ್ಲರೂ ಬಲ್ಲ, ರಕ್ತದ ಕೆಂಪು ಕಣಗಳು ತಳಕ್ಕೆ ಇಳಿಯುವ ವೇಗದ ಅಳತೆ. ನಿಲ್ಲಿಸಿದ ಕೊಳವೆಯಲ್ಲಿ ಒಂದು ಗಂಟೆಯಲ್ಲಿ ಕಣಗಳು ಎಷ್ಟು ಮಿಲಿಮೀಟರು ಇಳಿದುವೆಂಬುದನ್ನು ಇದರಲ್ಲಿ ನೋಡುತ್ತಾರೆ. ಸ್ವೀಡನ್ನಿನ ಫೊರೇಯಸ್ ೧೯೧೮ರಲ್ಲಿ ಇದರ ತತ್ತ್ವವನ್ನು ವಿವರಿಸಿದನು. ೧೯೨೧ರಲ್ಲಿ ವೆಸ್ಟರ್‌ಗ್ರೆನ್ ಅಳೆಯುವ ಕ್ರಮವನ್ನು ನಿಯತಗೊಳಿಸಿದನು. ಎರಡನೆಯದು ಸಿ.ಆರ್.ಪಿ. ದೇಹದಲ್ಲಿ ಉರಿಯೂತವುಂಟಾದಾಗ ಯಕೃತ್ತು ರಕ್ತಕ್ಕೆ ಬಿಡುವ ಒಂದು ಪ್ರೋಟೀನಿನ ಅಳತೆ ಇದು. ಈ ಪ್ರೋಟೀನನ್ನು ೧೯೩೦ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು.

ಇವೆರಡೂ ಅಗ್ಗದ ಪರೀಕ್ಷೆಗಳು. ತಾಲ್ಲೂಕು ಕೇಂದ್ರದಲ್ಲಿಯೇ ಆಗತಕ್ಕವು. ಆದರೆ ಇವು ಹೇಳುವುದು ಎಲ್ಲಿಯೋ ಉರಿಯೂತವಿದೆಯೆಂಬುದನ್ನು ಮಾತ್ರ. ಎಲ್ಲಿ, ಯಾವುದರಿಂದ ಎಂಬುದನ್ನು ಇವು ಹೇಳಲಾರವು. ಕೀಲುವಾತದ ಕೆಲವು ರೋಗಗಳಲ್ಲಿ ಇವೆರಡೂ ಏರಿರುತ್ತವೆ. ಶಸ್ತ್ರಚಿಕಿತ್ಸೆಯಾದ ಎರಡು ಮೂರನೆಯ ದಿನ ಸಿ.ಆರ್.ಪಿ. ತುತ್ತತುದಿಗೆ ಏರಿ, ಕೆಲವು ವಾರಗಳಲ್ಲಿ ಸಹಜ ಮಟ್ಟಕ್ಕೆ ಇಳಿಯುತ್ತದೆ, ಇ.ಎಸ್.ಆರ್. ಇಳಿಯಲು ತಿಂಗಳುಗಳೇ ಬೇಕು. ಆದುದರಿಂದ ಶಸ್ತ್ರಚಿಕಿತ್ಸೆಯಾಗಿ ಎಷ್ಟು ದಿನವಾಯಿತೆಂಬುದನ್ನು ತಿಳಿಯದೆ ಈ ಅಂಕಿಗಳಿಗೆ ಅರ್ಥ ಹೇಳುವುದು ಸಾಧ್ಯವಿಲ್ಲ. ಹಳೆಯ ಕೀಲಿನ ಸೋಂಕನ್ನು ಶಂಕಿಸುವಾಗ ಲೀಟರಿಗೆ ೧೦ ಮಿಲಿಗ್ರಾಮಿಗಿಂತ ಹೆಚ್ಚಿನ ಸಿ.ಆರ್.ಪಿ.ಯನ್ನೂ ಗಂಟೆಗೆ ೩೦ ಮಿಲಿಮೀಟರಿಗಿಂತ ಹೆಚ್ಚಿನ ಇ.ಎಸ್.ಆರ್. ಅನ್ನೂ ಗಣನೆಗೆ ತೆಗೆದುಕೊಳ್ಳುವುದು ವಾಡಿಕೆ. ಇದಕ್ಕೆ ವಿರುದ್ಧವಾಗಿ, ಸೌಮ್ಯ ಸ್ವಭಾವದ ಜೀವಾಣುಗಳಿಂದಾದ ಸೋಂಕಿನಲ್ಲಿ ಇವೆರಡೂ ಸಹಜವಾಗಿಯೇ ಇರುವುದುಂಟು. ರಕ್ತ ಚೆನ್ನಾಗಿದೆಯೆಂದ ಮಾತ್ರಕ್ಕೆ ಕೀಲು ಚೆನ್ನಾಗಿದೆಯೆಂದು ಹೇಳಲಾಗದು.

೪. ಕೀಲಿನ ದ್ರವದ ಸಾಕ್ಷ್ಯ

ಶಂಕೆ ಉಳಿದರೆ ಕೀಲಿನೊಳಕ್ಕೆ ಸೂಜಿಯನ್ನು ಚುಚ್ಚಿ ಅಲ್ಲಿನ ದ್ರವವನ್ನು ತೆಗೆಯಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ದೊರೆಯಬಹುದಾದ ಸಾಕ್ಷ್ಯಗಳಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದು; ಏಕೆಂದರೆ ಇದು ಘಟನೆ ನಡೆದ ಸ್ಥಳದಿಂದಲೇ ಬಂದುದು. ದ್ರವವನ್ನು ಹಲವು ಪಾಲು ಮಾಡುತ್ತಾರೆ: ಹೆಪ್ಪುಗಟ್ಟದಂತೆ ರಾಸಾಯನಿಕ ಬೆರೆಸಿದ ಕೊಳವೆಯಲ್ಲಿ ಒಂದು ಪಾಲು ಕಣಗಳ ಎಣಿಕೆಗೆ, ಮತ್ತೊಂದು ಪಾಲು ಜೀವಾಣುಗಳನ್ನು ಬೆಳೆಸುವುದಕ್ಕೆ.

ಎಣಿಕೆಯಲ್ಲಿ ಒಂದು ವಿಶೇಷವಿದೆ. ಸಹಜ ಕೀಲಿನಲ್ಲಿ ತೀವ್ರ ಸೋಂಕಾದರೆ ಒಂದು ಘನ ಮಿಲಿಮೀಟರು ದ್ರವದಲ್ಲಿ ಐವತ್ತು ಸಾವಿರ ಅಥವಾ ಅದಕ್ಕೂ ಹೆಚ್ಚು ಬಿಳಿಯ ಕಣಗಳನ್ನು ಕಾಣುವುದು ವಾಡಿಕೆ. ಕೃತಕ ಕೀಲಿನಲ್ಲಾದರೋ ೩,೦೦೦ಕ್ಕಿಂತ ಹೆಚ್ಚಿದ್ದರೆ ಸಾಕು, ಸೋಂಕಿನ ಶಂಕೆ ಬಲವಾಗುತ್ತದೆ. ೨೦೦೪ರಲ್ಲಿ ಟ್ರಾಂಪುಜ್ ಮತ್ತು ಸಂಗಡಿಗರು ಕೃತಕ ಮೊಣಕಾಲಿನ ವಿಷಯದಲ್ಲಿ ೧,೭೦೦ ಕಣಗಳನ್ನೂ, ಅವುಗಳಲ್ಲಿ ನೂರಕ್ಕೆ ೬೫ಕ್ಕಿಂತ ಹೆಚ್ಚಿನ ನ್ಯೂಟ್ರೋಫಿಲುಗಳನ್ನೂ ಗಡಿಯಾಗಿ ಸೂಚಿಸಿದ್ದರು. ಸಹಜ ಕೀಲಿನ ಅಳತೆಗೋಲನ್ನೇ ಇಲ್ಲಿಯೂ ಹಿಡಿದರೆ ಹಲವು ಸೋಂಕುಗಳು ಕಣ್ತಪ್ಪಿ ಹೋಗುವುವು. ಆದರೆ ಶಸ್ತ್ರಚಿಕಿತ್ಸೆಯಾದ ಮೊದಲ ಆರು ವಾರಗಳಲ್ಲಿ ಗಾಯದ ಕಾರಣದಿಂದಲೇ ಕಣಗಳು ಹೆಚ್ಚಿರುವುದರಿಂದ, ಆ ಅವಧಿಗೆ ೧೦,೦೦೦ದ ಗಡಿಯನ್ನು ಇಟ್ಟುಕೊಂಡಿದ್ದಾರೆ.

ಇದಲ್ಲದೆ, ಮೂತ್ರಪರೀಕ್ಷೆಗೆ ಬಳಸುವ ಕಾಗದದ ಪಟ್ಟಿಯಿಂದಲೂ ಉಪಯೋಗವುಂಟು. ಬಿಳಿಯ ಕಣಗಳಲ್ಲಿರುವ ಎಸ್ಟರೇಸ್ ಎಂಬ ಕಿಣ್ವ ದ್ರವದಲ್ಲಿದ್ದರೆ ಆ ಪಟ್ಟಿಯ ಒಂದು ಚೌಕ ಎರಡು ನಿಮಿಷಗಳಲ್ಲಿ ನೇರಿಳೆ ಬಣ್ಣಕ್ಕೆ ತಿರುಗುತ್ತದೆ. ಕೃತಕ ಕೀಲಿನ ವಿಷಯದಲ್ಲಿ ಇದರ ಪ್ರಯೋಜನವನ್ನು ೨೦೧೧ರಲ್ಲಿ ಪರ್ವಿಜಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ದ್ರವಕ್ಕೆ ರಕ್ತ ಬೆರೆತಿದ್ದರೆ ಬಣ್ಣವನ್ನು ಓದಲಾಗುವುದಿಲ್ಲ. ಆಗ ದ್ರವವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ರಕ್ತವನ್ನು ಬೇರ್ಪಡಿಸಬೇಕು. ನ್ಯೂಟ್ರೋಫಿಲುಗಳು ಜೀವಾಣುಗಳನ್ನು ಕೊಲ್ಲಲು ಹೊರಸೂಸುವ ಆಲ್ಫಾ ಡಿಫೆನ್ಸಿನ್ ಎಂಬ ಪದಾರ್ಥವನ್ನು ಅಳೆಯುವ ಪರೀಕ್ಷೆಯೂ ಬಂದಿದೆ. ಅದು ಹೆಚ್ಚು ನಿಖರ, ಹೆಚ್ಚು ದುಬಾರಿ. ಲೋಹದ ಸವೆತದಿಂದ ಕೀಲು ಕೆಟ್ಟಿದ್ದರೆ ಅದೂ ತಪ್ಪು ಹೇಳುವುದುಂಟು.

೫. ಜೀವಾಣು ಕೃಷಿ

ಇದುವರೆಗೆ ಹೇಳಿದುವೆಲ್ಲ ದೇಹದ ಪ್ರತಿಕ್ರಿಯೆಯನ್ನು ನೋಡುವ ಪರೀಕ್ಷೆಗಳು. ಅಪರಾಧಿಯನ್ನೇ ಹಿಡಿಯುವ ವಿಧಾನವೆಂದರೆ ಕಲ್ಚರ್, ಎಂದರೆ ಜೀವಾಣುಗಳನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸುವುದು. ರಾಬರ್ಟ್ ಕಾಕ್‌ನ ಪ್ರಯೋಗಶಾಲೆಯಲ್ಲಿ ಅಗರ್ ಬಳಕೆಗೆ ಬಂದುದು, ೧೮೮೪ರಲ್ಲಿ ಗ್ರಾಮ್ ಎಂಬಾತನು ಬಣ್ಣ ಹಾಕುವ ಕ್ರಮವನ್ನು ಪ್ರಕಟಿಸಿದುದು, ೧೮೮೭ರಲ್ಲಿ ಪೆಟ್ರಿಯ ಗಾಜಿನ ತಟ್ಟೆ ರೂಪುಗೊಂಡುದು, ಇವು ಈ ವಿದ್ಯೆಯ ಅಡಿಗಲ್ಲುಗಳು. ಯಾವ ಜೀವಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಕೊಡುವುದು ಕಲ್ಚರಿನ ವಿಶೇಷ. ಆದುದರಿಂದ ಎಷ್ಟೇ ಹೊಸ ಪರೀಕ್ಷೆಗಳು ಬಂದರೂ ಇದರ ಸ್ಥಾನಕ್ಕೆ ಕುಂದು ಬಂದಿಲ್ಲ.

ಕೃತಕ ಕೀಲಿನ ಸೋಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಟ್ಯಾಫಿಲೊಕಾಕಸ್ ಕುಲದ ಜೀವಾಣುಗಳಿಂದ ಆಗುತ್ತವೆ. ಅವುಗಳಲ್ಲಿ ಎಪಿಡರ್ಮಿಡಿಸ್ ಎಂಬ ಜಾತಿಯು ಪ್ರತಿಯೊಬ್ಬರ ಚರ್ಮದ ಮೇಲೂ ವಾಸಿಸುತ್ತದೆ. ಇಲ್ಲಿಯೇ ತೊಡಕಿನ ಮೂಲವಿದೆ. ತಟ್ಟೆಯಲ್ಲಿ ಎಪಿಡರ್ಮಿಡಿಸ್ ಬೆಳೆದರೆ ಅದು ಕೀಲಿನೊಳಗಿನಿಂದ ಬಂದುದೋ, ಮಾದರಿಯನ್ನು ತೆಗೆಯುವಾಗ ಚರ್ಮದಿಂದ ಸೇರಿಕೊಂಡುದೋ? ಒಂದೇ ಮಾದರಿಯನ್ನು ನೋಡಿ ಈ ಪ್ರಶ್ನೆಗೆ ಉತ್ತರ ಹೇಳುವುದು ಅಸಾಧ್ಯ.

ಆಕ್ಸ್‌ಫರ್ಡಿನ ಆಟ್ಕಿನ್ಸ್ ಮತ್ತು ಸಹೋದ್ಯೋಗಿಗಳು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನವು ಈ ತೊಡಕಿಗೆ ದಾರಿ ತೋರಿತು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕೀಲಿನ ಸುತ್ತಣ ಬೇರೆ ಬೇರೆ ಎಡೆಗಳಿಂದ ಐದಾರು ಅಂಗಾಂಶದ ತುಣುಕುಗಳನ್ನು, ಒಂದೊಂದಕ್ಕೂ ಪ್ರತ್ಯೇಕವಾದ ಉಪಕರಣದಿಂದ ತೆಗೆದು, ಪ್ರತ್ಯೇಕವಾಗಿಯೇ ಬೆಳೆಸಬೇಕೆಂದು ಅವರು ಸಲಹೆಯಿತ್ತರು. ಒಂದು ತುಣುಕಿನಲ್ಲಿ ಮಾತ್ರ ಕಂಡ ಜೀವಾಣು ಆಗಂತುಕನಾಗಿರಬಹುದು. ಪರಸ್ಪರ ಸಂಬಂಧವಿಲ್ಲದೆ ತೆಗೆದ ಹಲವು ತುಣುಕುಗಳಲ್ಲಿ ಅದೇ ಜೀವಾಣು ಕಂಡರೆ ಅದು ಅಲ್ಲಿಯ ನಿವಾಸಿ. ಇತ್ತೀಚಿನ ನಿಯಮಗಳಲ್ಲಿ ಎರಡು ತುಣುಕುಗಳಲ್ಲಿ ಒಂದೇ ಜೀವಾಣು ಕಂಡುಬಂದರೆ ಸೋಂಕು ಸಿದ್ಧವಾಯಿತೆಂದು ಒಪ್ಪುತ್ತಾರೆ. ಗಾಯದ ಮೇಲೆ ಹತ್ತಿಯ ಕಡ್ಡಿಯನ್ನು ಸವರಿ ಕಳುಹಿಸುವುದು ಇದಕ್ಕೆ ಬದಲಿಯಾಗಲಾರದು. ಅದರಲ್ಲಿ ಸಿಕ್ಕುವುದು ಬಹುಮಟ್ಟಿಗೆ ಚರ್ಮದ ಜೀವಾಣು.

ಎರಡನೆಯ ತೊಡಕು ಕಾಲದ್ದು. ಸಾಮಾನ್ಯ ಮಾದರಿಗಳನ್ನು ಪ್ರಯೋಗಶಾಲೆಗಳು ಎರಡು ಮೂರು ದಿನ ಇಟ್ಟು ನೋಡಿ, ಏನೂ ಬೆಳೆಯದಿದ್ದರೆ ವರದಿ ಕೊಟ್ಟುಬಿಡುವುದು ರೂಢಿ. ಆದರೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್‌ನಂಥ ಜೀವಾಣು ಆಮ್ಲಜನಕವಿಲ್ಲದ ವಾತಾವರಣದಲ್ಲಿ ಬಹು ನಿಧಾನವಾಗಿ ಬೆಳೆಯುತ್ತದೆ. ಅದಕ್ಕಾಗಿ ತಟ್ಟೆಗಳನ್ನು ಹದಿನಾಲ್ಕು ದಿನಗಳವರೆಗೆ ಇಡಬೇಕು. ಮಾದರಿಯೊಡನೆ ಹೋಗುವ ಚೀಟಿಯಲ್ಲಿ ‘ಕೃತಕ ಕೀಲು’ ಎಂಬ ಎರಡು ಪದಗಳಿಲ್ಲದಿದ್ದರೆ ಪ್ರಯೋಗಶಾಲೆಯವರಿಗೆ ಇದು ತಿಳಿಯುವ ಬಗೆಯಿಲ್ಲ.

ಮೂರನೆಯದು ಬಯೋಫಿಲ್ಮಿನ ತೊಡಕು. ಜೀವಾಣುಗಳು ಲೋಹಕ್ಕೆ ಅಂಟಿಕೊಂಡಿರುವಾಗ ಅಂಗಾಂಶದಲ್ಲಿ ಹುಡುಕಿದರೆ ಸಾಲದು. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಟ್ರಾಂಪುಜ್ ಮತ್ತು ಸಂಗಡಿಗರು, ಹೊರತೆಗೆದ ಕೀಲನ್ನೇ ಶುದ್ಧ ದ್ರಾವಣದಲ್ಲಿ ಮುಳುಗಿಸಿ, ಕಿವಿಗೆ ಕೇಳದ ಶಬ್ದತರಂಗಗಳಿಂದ ಐದು ನಿಮಿಷ ಅಲುಗಾಡಿಸಿ, ಉದುರಿದ ಜೀವಾಣುಗಳನ್ನು ಬೆಳೆಸುವ ಕ್ರಮವನ್ನು ಪರೀಕ್ಷಿಸಿದರು. ಈ ವಿಧಾನದ ಹೆಸರು ಸೋನಿಕೇಶನ್. ೨೦೦೭ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ೩೩೧ ರೋಗಿಗಳಿದ್ದರು. ಅವರಲ್ಲಿ ೭೯ ಮಂದಿಗೆ ಸೋಂಕಿತ್ತು. ಅಂಗಾಂಶದ ಕಲ್ಚರ್ ಸೋಂಕುಗಳಲ್ಲಿ ನೂರಕ್ಕೆ ೬೦.೮ರಷ್ಟನ್ನು ಪತ್ತೆಮಾಡಿದರೆ, ಸೋನಿಕೇಶನ್ ೭೮.೫ರಷ್ಟನ್ನು ಪತ್ತೆಮಾಡಿತು. ಅಂಗಾಂಶದ ಕಲ್ಚರನ್ನೊಂದನ್ನೇ ನಂಬಿದ್ದರೆ ಹತ್ತರಲ್ಲಿ ಸುಮಾರು ನಾಲ್ಕು ಸೋಂಕುಗಳು ತಪ್ಪಿಹೋಗುತ್ತಿದ್ದುವೆಂಬುದು ಇದರಿಂದ ವಿದಿತವಾಗುತ್ತದೆ.

೬. ಸೂಕ್ಷ್ಮದರ್ಶಕ ಮತ್ತು ವಂಶವಾಹಿ

ಅಂಗಾಂಶದ ಮತ್ತೊಂದು ತುಣುಕನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಉಂಟು. ಹೆಚ್ಚು ವರ್ಧನದ ಒಂದೊಂದು ನೋಟದಲ್ಲಿಯೂ ಐದಕ್ಕಿಂತ ಹೆಚ್ಚು ನ್ಯೂಟ್ರೋಫಿಲುಗಳು ಹಲವು ಕಡೆ ಕಂಡರೆ ಅದು ಸೋಂಕಿನ ಗುರುತು. ಜೀವಾಣು ಬೆಳೆಯದಿದ್ದಾಗಲೂ ಈ ಸಾಕ್ಷ್ಯ ಉಳಿದಿರಬಹುದು.

ಇಲ್ಲಿ ಒಂದು ಸಣ್ಣ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಸೂಕ್ಷ್ಮದರ್ಶಕಕ್ಕೆ ಹೋಗುವ ತುಣುಕನ್ನು ಫಾರ್ಮಲಿನ್‌ನಲ್ಲಿ ಇಡಬೇಕು. ಕಲ್ಚರಿಗೆ ಹೋಗುವ ತುಣುಕನ್ನು ಎಂದಿಗೂ ಅದರಲ್ಲಿ ಇಡಬಾರದು. ಫಾರ್ಮಲಿನ್ ಅಂಗಾಂಶದ ರೂಪವನ್ನು ಉಳಿಸುತ್ತದೆ, ಜೀವಾಣುಗಳನ್ನು ಕೊಲ್ಲುತ್ತದೆ. ತುಣುಕು ತಪ್ಪಿದ ಡಬ್ಬಿಗೆ ಬಿದ್ದರೆ ಕಲ್ಚರಿನ ಸಾಕ್ಷ್ಯವೆಲ್ಲ ಅಲ್ಲಿಗೇ ಮುಗಿಯಿತು.

ಪಿ.ಸಿ.ಆರ್. ಎಂಬ ವಿಧಾನವು ಜೀವಾಣುವಿನ ವಂಶವಾಹಿಯ ಅಂಶವನ್ನು ಲಕ್ಷೋಪಲಕ್ಷವಾಗಿ ವೃದ್ಧಿಪಡಿಸಿ ಗುರುತಿಸುತ್ತದೆ. ೧೯೮೩ರಲ್ಲಿ ಕ್ಯಾರಿ ಮಲ್ಲಿಸ್ ಇದರ ಕಲ್ಪನೆಯನ್ನು ರೂಪಿಸಿದನು. ಸತ್ತ ಜೀವಾಣುವಿನ ಕುರುಹನ್ನೂ ಇದು ಕಾಣಬಲ್ಲದು. ಆದುದರಿಂದ ಔಷಧ ತೆಗೆದುಕೊಂಡವರಲ್ಲಿ ಇದರಿಂದ ಪ್ರಯೋಜನವುಂಟು. ಆದರೆ ಅದೇ ಗುಣವು ದೋಷವೂ ಆಗುತ್ತದೆ: ಹೊರಗಿನಿಂದ ಬಿದ್ದ ಒಂದು ಕಣವನ್ನೂ ಇದು ಎತ್ತಿ ತೋರಿಸುತ್ತದೆ. ಮೇಲಾಗಿ, ಯಾವ ಔಷಧ ನಾಟುತ್ತದೆಂಬುದನ್ನು ಕಲ್ಚರಿನಷ್ಟು ಪೂರ್ಣವಾಗಿ ಇದು ಹೇಳಲಾರದು.

೭. ಸಾಕ್ಷ್ಯಗಳ ತೂಕ

ಹೀಗೆ ಪ್ರತಿಯೊಂದು ಪರೀಕ್ಷೆಗೂ ಒಂದೊಂದು ದೋಷವಿರುವಾಗ ನಿರ್ಣಯವನ್ನು ಹೇಗೆ ಮಾಡಬೇಕು? ಈ ಪ್ರಶ್ನೆ ನಮ್ಮ ಶಾಸನಶಾಸ್ತ್ರಕ್ಕೆ ಹೊಸದಲ್ಲ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ೭ನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ, ೧೧ನೆಯ ಸಂಪುಟದಲ್ಲಿ ಜಗಳೂರಿನವೂ ಸೇರಿವೆ. ಸಿಂದರು ಆಳಿದ ಬೆಳಗುತ್ತಿ ಅಂದು ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಇಂದು ನ್ಯಾಮತಿ ತಾಲ್ಲೂಕಿನಲ್ಲಿದೆ. ಶಾಸನವೊಂದರ ಕಾಲವನ್ನು ನಿಶ್ಚಯಿಸುವವನು ಶಕವರ್ಷವೊಂದನ್ನೇ ನಂಬುವುದಿಲ್ಲ. ಸಂವತ್ಸರದ ಹೆಸರು, ಮಾಸ, ತಿಥಿ, ವಾರಗಳು ಅದಕ್ಕೆ ಹೊಂದುತ್ತವೆಯೇ, ಲಿಪಿಯ ರೂಪ ಆ ಕಾಲದ್ದೇ ಎಂದು ಒಂದೊಂದನ್ನೂ ಪರಿಶೀಲಿಸುತ್ತಾನೆ. ಹಳೆಯ ಶಿವಮೊಗ್ಗ ಜಿಲ್ಲೆಯಲ್ಲಿ ದೊರೆತ, ಜನಮೇಜಯನ ಹೆಸರನ್ನು ಹೊತ್ತ ತಾಮ್ರಶಾಸನಗಳನ್ನು ವಿದ್ವಾಂಸರು ಕೂಟಶಾಸನಗಳೆಂದು ತಳ್ಳಿಹಾಕಿದುದು ಇಂಥ ಪರಿಶೀಲನೆಯಿಂದಲೇ. ಪರಸ್ಪರ ಸ್ವತಂತ್ರವಾದ ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ತೋರಿಸಿದಾಗ ನಿರ್ಣಯಕ್ಕೆ ಬಲ ಬರುತ್ತದೆ.

ವೈದ್ಯರೂ ಇದೇ ದಾರಿಯನ್ನು ಹಿಡಿದಿದ್ದಾರೆ. ೨೦೧೧ರಲ್ಲಿ ಅಮೆರಿಕದ ತಜ್ಞರ ಸಂಘವೊಂದು ಸೋಂಕಿನ ಲಕ್ಷಣವನ್ನು ಮೊದಲ ಬಾರಿಗೆ ನಿಯಮಬದ್ಧವಾಗಿ ಪ್ರಕಟಿಸಿತು. ೨೦೧೮ರಲ್ಲಿ ಅದನ್ನು ಪರಿಷ್ಕರಿಸಿ ಸಾಕ್ಷ್ಯಗಳಿಗೆ ಅಂಕಗಳನ್ನು ಗೊತ್ತುಮಾಡಿದರು. ಇದರ ಪ್ರಕಾರ ಎರಡು ಸಾಕ್ಷ್ಯಗಳು ಸ್ವಯಂಪೂರ್ಣವಾದುವು: ಚರ್ಮದಿಂದ ಕೀಲಿನವರೆಗೆ ಹೋಗುವ ಕೀವಿನ ದಾರಿ ತೆರೆದಿರುವುದು; ಎರಡು ಮಾದರಿಗಳಲ್ಲಿ ಒಂದೇ ಜೀವಾಣು ಬೆಳೆದಿರುವುದು. ಇವು ಇಲ್ಲದಿದ್ದಾಗ ಉಳಿದುವನ್ನು ಕೂಡಿಸಿ ನೋಡಬೇಕು. ರಕ್ತದ ಸಿ.ಆರ್.ಪಿ. ಏರಿಕೆಗೆ ೨ ಅಂಕ, ಇ.ಎಸ್.ಆರ್. ಏರಿಕೆಗೆ ೧. ಕೀಲಿನ ದ್ರವದಲ್ಲಿ ಬಿಳಿಯ ಕಣಗಳು ೩,೦೦೦ ಮೀರಿದರೆ, ಅಥವಾ ಎಸ್ಟರೇಸ್ ಪಟ್ಟಿ ಸ್ಪಷ್ಟವಾಗಿ ಬಣ್ಣ ತಿರುಗಿದರೆ ೩. ಆಲ್ಫಾ ಡಿಫೆನ್ಸಿನ್ ಕಂಡರೆ ೩. ನ್ಯೂಟ್ರೋಫಿಲುಗಳು ನೂರಕ್ಕೆ ೮೦ ಮೀರಿದರೆ ೨. ಒಟ್ಟು ೬ ಅಥವಾ ಹೆಚ್ಚಾದರೆ ಸೋಂಕು. ೨ರಿಂದ ೫ರವರೆಗೆ ಸಂದಿಗ್ಧ. ೧ ಅಥವಾ ೦ ಆದರೆ ಸೋಂಕಿಲ್ಲ. ಸಂದಿಗ್ಧವಾದಲ್ಲಿ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ದೊರೆಯುವ ಅಂಗಾಂಶದ ಸಾಕ್ಷ್ಯವನ್ನು ಇದಕ್ಕೆ ಕೂಡಿಸುತ್ತಾರೆ.

ಈ ಲೆಕ್ಕದಲ್ಲಿ ಒಂದು ಅರ್ಥವಿದೆ. ರಕ್ತದ ಎರಡೂ ಪರೀಕ್ಷೆಗಳು ಏರಿದ್ದರೆ ಬರುವುದು ೩ ಅಂಕ ಮಾತ್ರ. ಆದುದರಿಂದ ರಕ್ತದ ವರದಿಯನ್ನಷ್ಟೇ ನೋಡಿ ಸೋಂಕೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕೆ ದ್ರವದ ಕಣಗಳ ೩ ಅಂಕ ಸೇರಿದಾಗಲೇ ೬ ಆಗುವುದು. ೨೦೨೧ರಲ್ಲಿ ಯೂರೋಪಿನ ತಜ್ಞರು ಅಂಕಗಳನ್ನು ಬಿಟ್ಟು, ಸೋಂಕು ಅಸಂಭವ, ಸಂಭವ, ಖಚಿತ ಎಂದು ಮೂರು ವರ್ಗಗಳನ್ನು ಮಾಡಿದರು. ಕ್ರಮ ಬೇರೆಯಾದರೂ ತತ್ತ್ವ ಒಂದೇ: ನಡುವಣ ಸಂದೇಹದ ಪ್ರದೇಶವನ್ನು ಇಬ್ಬರೂ ಒಪ್ಪಿಕೊಂಡಿದ್ದಾರೆ.

೮. ಅಳಿಸಿಹೋಗುವ ಸಾಕ್ಷ್ಯ

ಈ ವಿಧಾನಗಳೆಲ್ಲ ಫಲ ಕೊಡಬೇಕಾದರೆ ಸಾಕ್ಷ್ಯವು ಪ್ರಯೋಗಶಾಲೆಯನ್ನು ಮುಟ್ಟುವವರೆಗೆ ಉಳಿದಿರಬೇಕು. ಅದನ್ನು ಅಳಿಸುವ ಪ್ರಬಲ ಕಾರಣವೆಂದರೆ, ಮಾದರಿಯನ್ನು ತೆಗೆಯುವ ಮೊದಲೇ ನುಂಗಿದ ಆಂಟಿಬಯಾಟಿಕ್ ಮಾತ್ರೆ. ನಾಲ್ಕಾರು ದಿನದ ಮಾತ್ರೆಯಿಂದ ಕೃತಕ ಕೀಲಿನ ಸೋಂಕು ವಾಸಿಯಾಗದು. ಬಯೋಫಿಲ್ಮಿನೊಳಗಿನ ಜೀವಾಣುಗಳು ಉಳಿದುಕೊಳ್ಳುತ್ತವೆ. ಆದರೆ ದ್ರವದಲ್ಲಿಯೂ ಅಂಗಾಂಶದಲ್ಲಿಯೂ ಇರುವ ಜೀವಾಣುಗಳು ತಟ್ಟೆಯಲ್ಲಿ ಬೆಳೆಯಲಾರದಷ್ಟು ಕುಗ್ಗುತ್ತವೆ. ರೋಗವೂ ಹೋಗಲಿಲ್ಲ, ರೋಗದ ಕುರುಹೂ ಉಳಿಯಲಿಲ್ಲ ಎಂಬಂತಾಗುತ್ತದೆ. ಮೇಲೆ ಹೇಳಿದ ೨೦೦೭ರ ಅಧ್ಯಯನದಲ್ಲಿಯೇ ಇದಕ್ಕೆ ಆಧಾರವಿದೆ: ಶಸ್ತ್ರಚಿಕಿತ್ಸೆಗೆ ಹಿಂದಿನ ಹದಿನಾಲ್ಕು ದಿನಗಳಲ್ಲಿ ಆಂಟಿಬಯಾಟಿಕ್ ಪಡೆದಿದ್ದವರಲ್ಲಿ ಅಂಗಾಂಶದ ಕಲ್ಚರ್ ನೂರಕ್ಕೆ ೪೫ ಸೋಂಕುಗಳನ್ನಷ್ಟೇ ಕಂಡಿತು, ಸೋನಿಕೇಶನ್ ೭೫ನ್ನು ಕಂಡಿತು. ಈ ಕಾರಣದಿಂದಲೇ, ರೋಗಿಯ ಸ್ಥಿತಿ ಅವಕಾಶ ಕೊಡುವುದಾದರೆ, ಮಾದರಿಗೆ ಮುಂಚೆ ಎರಡು ವಾರವಾದರೂ ಆಂಟಿಬಯಾಟಿಕ್ ಇರಬಾರದೆಂದು ೨೦೧೨ರಲ್ಲಿ ಅಮೆರಿಕದ ಸೋಂಕುರೋಗ ತಜ್ಞರು ಸೂಚಿಸಿದರು.

ಇದಕ್ಕೊಂದು ಅಪವಾದವುಂಟು. ನಂಜು ರಕ್ತಕ್ಕೇರಿ ರೋಗಿಯು ಅಪಾಯದಲ್ಲಿದ್ದರೆ ಔಷಧವನ್ನು ತಡೆಯುವ ಮಾತೇ ಇಲ್ಲ. ಆಗಲೂ ಮೊದಲು ರಕ್ತದ ಕಲ್ಚರಿಗೆ ಮಾದರಿ ತೆಗೆದು, ಕೂಡಲೇ ಔಷಧವನ್ನು ಆರಂಭಿಸುವುದು ಕ್ರಮ. ಜ್ವರವಿಲ್ಲದ, ತಿಂಗಳುಗಳಿಂದ ಬಂದಿರುವ ನೋವಿಗೆ ಇಂಥ ಅವಸರವಿಲ್ಲ.

ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ೧೯೬೫ರಲ್ಲಿ ಆರಂಭವಾದ ಜೆ.ಜ.ಮು. ವೈದ್ಯಕೀಯ ಕಾಲೇಜೂ ಚಿಗಟೇರಿ ಆಸ್ಪತ್ರೆಯೂ ಇರುವುದು ದಾವಣಗೆರೆ ನಗರದಲ್ಲಿ. ನ್ಯಾಮತಿಯವರಿಗೆ ಶಿವಮೊಗ್ಗವೂ ಸಮೀಪವೇ. ನೋವು ಕಾಣಿಸಿಕೊಂಡ ಹಳ್ಳಿಗೂ ಈ ನಗರಗಳಿಗೂ ನಡುವೆ ಹಲವು ಮೈಲಿಗಳ ಹಾದಿಯಿದೆ. ಆ ಹಾದಿಯಲ್ಲಿ ಔಷಧದ ಅಂಗಡಿಯೂ ಇದೆ. ಪ್ರಬಲವಾದ ಕೆಲವು ಆಂಟಿಬಯಾಟಿಕ್‌ಗಳ ಮಾರಾಟವನ್ನು ೨೦೧೪ರ ಮಾರ್ಚಿಯಿಂದ ಜಾರಿಗೆ ಬಂದ ಎಚ್೧ ಅನುಸೂಚಿಯು ಮತ್ತಷ್ಟು ಬಿಗಿಗೊಳಿಸಿದೆ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಕೊಡತಕ್ಕದ್ದಲ್ಲ. ಆದರೂ ಮನೆಯಲ್ಲಿ ಉಳಿದ ಹಳೆಯ ಮಾತ್ರೆಯನ್ನು ನುಂಗುವ, ನೆರೆಯವರ ಚೀಟಿಯಿಂದ ಔಷಧ ತರುವ ಅಭ್ಯಾಸವನ್ನು ಕಾನೂನೊಂದೇ ನಿಲ್ಲಿಸಲಾರದು.

ಸ್ಥಳದ ಜೀವನಕ್ರಮವೂ ಪರೀಕ್ಷೆಯ ವಿಚಾರಕ್ಕೆ ಸಂಬಂಧಪಟ್ಟಿದೆ. ಜಗಳೂರಿನಂಥ ಬಯಲುಸೀಮೆಯಲ್ಲಿ ಕುರಿ, ಮೇಕೆಗಳ ಸಾಕಣೆ ಜೀವನಾಧಾರಗಳಲ್ಲೊಂದು. ದನ, ಕುರಿ, ಮೇಕೆಗಳಲ್ಲಿ ಗರ್ಭಪಾತವನ್ನುಂಟುಮಾಡುವ ಬ್ರೂಸೆಲ್ಲ ಎಂಬ ಜೀವಾಣು, ಈಯುವ ಪಶುವಿನ ಆರೈಕೆಯಿಂದಲೂ ಕಾಯಿಸದ ಹಾಲಿನಿಂದಲೂ ಮನುಷ್ಯನಿಗೆ ಅಂಟಬಲ್ಲದು. ೧೮೮೭ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಇದನ್ನು ಕಂಡುಹಿಡಿದನು. ಇದು ಕೀಲುಗಳನ್ನು ಹಿಡಿಯುವುದು ಪ್ರಸಿದ್ಧ; ಕೃತಕ ಕೀಲನ್ನು ಹಿಡಿದ ಉದಾಹರಣೆಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಇದು ನಿಧಾನವಾಗಿ ಬೆಳೆಯುತ್ತದೆ. ಮೇಲಾಗಿ ತಟ್ಟೆಯನ್ನು ತೆರೆಯುವ ಪ್ರಯೋಗಶಾಲೆಯ ಸಿಬ್ಬಂದಿಗೇ ತಗಲುವ ಅಪಾಯವಿದೆ. ಕ್ಷಯದ ಜೀವಾಣುವಿಗಾದರೋ ಪ್ರತ್ಯೇಕ ಮಾಧ್ಯಮ ಬೇಕು, ಆರೆಂಟು ವಾರಗಳ ಕಾಲ ಬೇಕು. ಆದುದರಿಂದ ರೋಗಿಯು ಕುರಿ ಕಾಯುವವನೇ, ಮನೆಯಲ್ಲಿ ಕ್ಷಯವಿತ್ತೇ ಎಂಬ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದು ಕಳುಹಿಸುವುದು ಪರೀಕ್ಷೆಯ ಒಂದು ಭಾಗವೆಂದೇ ತಿಳಿಯಬೇಕು. ಕೇಳದ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಕೊಡುವುದಿಲ್ಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ರಕ್ತಪರೀಕ್ಷೆ ಶಂಕೆಯನ್ನು ಎಬ್ಬಿಸಬಲ್ಲದೇ ಹೊರತು ತೀರ್ಪು ಕೊಡಲಾರದು. ಕೀಲಿನ ದ್ರವದ ಎಣಿಕೆ ಅದಕ್ಕಿಂತ ಬಲವಾದ ಸಾಕ್ಷ್ಯ. ಕಲ್ಚರಿನಲ್ಲಿ ಮಾದರಿಗಳ ಸಂಖ್ಯೆ, ಅವುಗಳ ಪ್ರತ್ಯೇಕತೆ, ಬೆಳೆಸುವ ಅವಧಿ ಇವು ಫಲವನ್ನು ನಿರ್ಧರಿಸುತ್ತವೆ. ‘ಏನೂ ಬೆಳೆಯಲಿಲ್ಲ’ ಎಂಬ ವರದಿಗೆ ‘ಏನೂ ಇಲ್ಲ’ ಎಂಬ ಅರ್ಥವಿಲ್ಲ. ಶಾಸನ ದೊರೆಯದ ಊರಿನಲ್ಲಿ ಜನರೇ ಇರಲಿಲ್ಲವೆಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ.

ಕಾಲೇಜುಗಳಲ್ಲಿರುವ ನಮಗೆ ಇದರಿಂದ ಒಂದು ಕರ್ತವ್ಯವೂ ಒದಗುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ತಾಲ್ಲೂಕುಗಳ ಹಳ್ಳಿಗಳಿಂದಲೇ ಬರುವವರು. ಮನೆಯ ಹಿರಿಯರ ಆಸ್ಪತ್ರೆಯ ಕಾಗದಗಳನ್ನು ಓದಿ ಹೇಳುವವರೂ ಅವರೇ. ಕೃತಕ ಕೀಲುಳ್ಳ ಹಿರಿಯರಿಗೆ ಹೊಸದಾಗಿ ನೋವು ಬಂದರೆ ಅವರು ಮೂರು ಮಾತುಗಳನ್ನು ನೆನಪಿನಲ್ಲಿಡಲಿ. ಶಸ್ತ್ರಚಿಕಿತ್ಸೆಯ ದಿನಾಂಕವೂ ವಿವರವೂ ಇರುವ ಬಿಡುಗಡೆಯ ಪತ್ರವನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಬೇಕು. ವೈದ್ಯರು ಪರೀಕ್ಷಿಸುವ ಮೊದಲು ಯಾವ ಆಂಟಿಬಯಾಟಿಕ್ ಮಾತ್ರೆಯನ್ನೂ ನುಂಗಬಾರದು. ನುಂಗಿದ್ದರೆ ಅದರ ಹೆಸರನ್ನೂ ದಿನವನ್ನೂ ಮರೆಮಾಚದೆ ಹೇಳಬೇಕು. ಔಷಧವನ್ನು ಬರೆದುಕೊಡುವ ವೈದ್ಯರನ್ನು, ಕೀಲಿನ ದ್ರವವನ್ನು ಪರೀಕ್ಷೆಗೆ ಕಳುಹಿಸಿಯಾಯಿತೇ ಎಂದು ವಿನಯದಿಂದ ಕೇಳಬೇಕು. ಇವುಗಳಲ್ಲಿ ಯಾವುದಕ್ಕೂ ಹಣದ ವೆಚ್ಚವಿಲ್ಲ.